ಗೆರೆಗೆ ಗೆರೆ ಕೂಡುವ ಸಹಿಯನ್ನೇ ಮೊದಲು ಅನುಮಾನಿಸಬೇಕು

ಪ್ರಶ್ನೆ: ನನ್ನ ತಂದೆಯವರು ತೀರಿಕೊಂಡ ಕೆಲವು ತಿಂಗಳ ಮೇಲೆ, ಅವರು ದೊಡ್ಡ ಮೊತ್ತದ ಸಾಲ ಪಡೆದಿದ್ದರೆಂದು ಹೇಳುವ ಪತ್ರವೊಂದು ಹೊರಬಂದಿದೆ. ಅದರ ಮೇಲಿನ ದಿನಾಂಕ ಅವರು ಹಾಸಿಗೆ ಹಿಡಿದಿದ್ದ ಕೊನೆಯ ವರ್ಷದ್ದು. ಸಹಿ ಮಾತ್ರ ಅಪ್ಪನದೇ ಎನ್ನುವಂತಿದೆ. ಹನ್ನೊಂದು ವರ್ಷದ ಹಿಂದಿನ ಅವರ ಗುರುತಿನ ಚೀಟಿಯ ಸಹಿಯ ಮೇಲಿಟ್ಟು ಬೆಳಕಿಗೆ ಹಿಡಿದರೆ ಗೆರೆಗೆ ಗೆರೆ ಕೂಡುತ್ತದೆ. ಆದರೂ ಅಮ್ಮ ಒಪ್ಪುತ್ತಿಲ್ಲ. ನಮ್ಮ ಕೈಯಲ್ಲಿರುವುದು ಪತ್ರದ ಜೆರಾಕ್ಸ್ ಪ್ರತಿ. ತಜ್ಞರಿಗೆ ಕೊಟ್ಟರೆ ಅವರು ಏನನ್ನು ನೋಡುತ್ತಾರೆ? ಇದು ವಿಜ್ಞಾನವೋ, ಅನುಭವಸ್ಥರ ಊಹೆಯೋ?

ಉತ್ತರ: ನಿಮ್ಮ ಪತ್ರದ ಒಂದು ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ‘ಗೆರೆಗೆ ಗೆರೆ ಕೂಡುತ್ತದೆ’ ಎಂದು ಬರೆದಿದ್ದೀರಿ. ಸಹಿ ಅಸಲಿಯೆಂಬುದಕ್ಕೆ ಅದೇ ಸಾಕ್ಷಿಯೆಂದು ತಿಳಿದು ನೀವು ಕಂಗಾಲಾಗಿದ್ದೀರಿ. ನನಗೆ ಅನುಮಾನ ಹುಟ್ಟಿದ್ದೇ ಆ ಸಾಲಿನಿಂದ.

ಈಗಲೇ ಒಂದು ಹಾಳೆ ತೆಗೆದುಕೊಂಡು ಹತ್ತು ಸಲ ಸಹಿ ಮಾಡಿ. ಯೋಚಿಸಬೇಡಿ, ದಿನನಿತ್ಯ ಮಾಡುವಂತೆಯೇ ಮಾಡಿ. ಆಮೇಲೆ ಎರಡೆರಡನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಒಂದರ ಮೊದಲ ಅಕ್ಷರ ಸ್ವಲ್ಪ ಹಿಗ್ಗಿರುತ್ತದೆ, ಇನ್ನೊಂದರ ಕೊನೆಯ ಎಳೆತ ಒಂದಿಷ್ಟು ಮೇಲಕ್ಕೆ ಹೋಗಿರುತ್ತದೆ, ಮತ್ತೊಂದರ ಚುಕ್ಕೆ ಜಾಗ ಬಿಟ್ಟಿರುತ್ತದೆ. ಎಲ್ಲವೂ ನಿಮ್ಮವೇ, ಆದರೆ ಯಾವ ಎರಡೂ ಪೂರ್ತಿ ಒಂದಾಗುವುದಿಲ್ಲ. ಕೈಬರಹವೆಂದರೆ ಬೆರಳು, ಮಣಿಕಟ್ಟು, ಮುಂಗೈ ಸೇರಿ ಮಾಡುವ ಚಲನೆ. ನಡಿಗೆಯ ಹಾಗೆ. ನಿಮ್ಮ ನಡಿಗೆಯನ್ನು ಮನೆಯವರು ದೂರದಿಂದಲೇ ಗುರುತಿಸುತ್ತಾರೆ, ಆದರೆ ಎರಡು ಹೆಜ್ಜೆಗಳ ಅಂತರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುವುದಿಲ್ಲ. ಪ್ರತಿಯೊಬ್ಬರ ಬರಹಕ್ಕೂ ತನ್ನದೇ ಆದ ಏರಿಳಿತದ ವ್ಯಾಪ್ತಿಯಿದೆ. ಪರೀಕ್ಷಕರು ಮೊದಲು ಅಳೆಯುವುದು ಆ ವ್ಯಾಪ್ತಿಯನ್ನು. ವಿವಾದದ ಸಹಿ ಅದರೊಳಗೆ ಬೀಳುತ್ತದೆಯೇ ಎಂಬ ಪ್ರಶ್ನೆ ಬರುವುದು ಆಮೇಲೆ.

ನ್ಯಾಯಾಲಯದಲ್ಲಿ ಈ ಮಾತು ಬಹಳ ಹಿಂದೆಯೇ ಚರ್ಚೆಗೆ ಬಂದಿದೆ. ಅಮೆರಿಕದಲ್ಲಿ ಸಿಲ್ವಿಯಾ ಆನ್ ಹೌಲೆಂಡ್ ಎಂಬ ಶ್ರೀಮಂತ ಮಹಿಳೆ 1865ರಲ್ಲಿ ತೀರಿಕೊಂಡಾಗ, ಅವರ ಸೋದರ ಸಂಬಂಧದ ಹೆಟ್ಟಿ ರಾಬಿನ್ಸನ್ ಆಸ್ತಿಗಾಗಿ ಒಂದು ಹಾಳೆಯನ್ನು ಮುಂದಿಟ್ಟರು. ಅದರ ಮೇಲಿದ್ದ ಹೌಲೆಂಡ್ ಅವರ ಸಹಿ ಉಯಿಲಿನ ಸಹಿಯೊಂದಿಗೆ ಸಂಪೂರ್ಣವಾಗಿ ಕೂಡುತ್ತಿತ್ತು. ಗಣಿತಜ್ಞ ಬೆಂಜಮಿನ್ ಪಿಯರ್ಸ್ ಮತ್ತು ಅವರ ಮಗ ಚಾರ್ಲ್ಸ್ ಹೌಲೆಂಡ್ ಅವರ 42 ಅಸಲಿ ಸಹಿಗಳನ್ನು ತೆಗೆದುಕೊಂಡು, ಜೋಡಿ ಜೋಡಿಯಾಗಿ ಒಂದರ ಮೇಲೊಂದಿಟ್ಟು ಎಣಿಸಿದರು. ಒಟ್ಟು 861 ಜೋಡಿ. ಒಂದೊಂದು ಸಹಿಯಲ್ಲೂ ಮೇಲಿನಿಂದ ಕೆಳಕ್ಕೆ ಎಳೆದ 30 ಗೆರೆಗಳಿದ್ದವು. ಅಸಲಿ ಜೋಡಿಗಳಲ್ಲಿ ಸರಾಸರಿ ಐದರಲ್ಲಿ ಒಂದು ಗೆರೆ ಮಾತ್ರ ಕೂಡುತ್ತಿತ್ತು. ವಿವಾದದ ಜೋಡಿಯಲ್ಲಿ ಮೂವತ್ತಕ್ಕೆ ಮೂವತ್ತೂ ಕೂಡಿದ್ದವು. ಮೂವತ್ತೂ ಆಕಸ್ಮಿಕವಾಗಿ ಕೂಡುವ ಸಂಭವನೀಯತೆ ಎಷ್ಟೆಂದು ತಿಳಿಯಲು ಪಿಯರ್ಸ್ ಮಾಡಿದ ಗುಣಾಕಾರದಲ್ಲಿ ದೋಷವಿತ್ತು, ಏಕೆಂದರೆ ಒಂದೇ ಸಹಿಯ ಗೆರೆಗಳು ಒಂದನ್ನೊಂದು ಅವಲಂಬಿಸಿರುತ್ತವೆ. 1868ರಲ್ಲಿ ಮೊಕದ್ದಮೆ ಮುಗಿದದ್ದೂ ಬೇರೊಂದು ಕಾನೂನಿನ ಅಂಶದ ಮೇಲೆ. ಆದರೆ ಅಂದಿನ ಮೂಲ ಒಳನೋಟ ಇಂದಿಗೂ ನಿಂತಿದೆ: ಒಂದು ಸಹಿ ಇನ್ನೊಂದರ ಅಚ್ಚು ಪ್ರತಿಯಂತಿದ್ದರೆ, ಎರಡರಲ್ಲೊಂದನ್ನು ಇನ್ನೊಂದರಿಂದ ತೆಗೆದಿರಬೇಕು.

ಹಾಗೆಂದು ಆ ಸಾಲದ ಪತ್ರ ನಕಲಿಯೆಂದು ನಾನು ಇಲ್ಲಿ ಕುಳಿತು ತೀರ್ಪು ಕೊಡುತ್ತಿಲ್ಲ. ಬರಿಗಣ್ಣಿಗೆ ‘ಕೂಡುತ್ತದೆ’ ಎನ್ನಿಸಿದ್ದು ಅಳೆದಾಗ ಕೂಡದಿರಬಹುದು. ನಿಮ್ಮಲ್ಲಿರುವುದು ಜೆರಾಕ್ಸ್ ಬೇರೆ. ಯಂತ್ರಗಳು ಗಾತ್ರವನ್ನು ಒಂದಿಷ್ಟು ಹಿಗ್ಗಿಸುವುದೂ ಕುಗ್ಗಿಸುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಆಕಾರ ಹೋಲುವುದು ಪರೀಕ್ಷೆಯ ಸಣ್ಣ ಭಾಗ. ಆಕಾರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ನಕಲು ಮಾಡಲು ಕಷ್ಟವಾಗುವುದು ಗೆರೆಯ ಗುಣ.

ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಬಾಲ್ ಪೆನ್ನಿನಿಂದ ಎಳೆದ ಗೆರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದು ಗೆರೆಯಾಗಿ ಉಳಿಯುವುದಿಲ್ಲ, ಕಾಗದದ ನಾರುಗಳ ನಡುವೆ ಉತ್ತ ಸಾಲಿನಂತೆ ಕಾಣುತ್ತದೆ. ತಿರುವಿನಲ್ಲಿ ಪೆನ್ನಿನ ಗುಂಡು ಉರುಳುವಾಗ ಶಾಯಿ ಹತ್ತದ ಸಣ್ಣ ಬಿಳಿ ಗೀರುಗಳು ಉಳಿಯುತ್ತವೆ. ಅವು ತಿರುವಿನ ಒಳಬದಿಯಿಂದ ಹೊರಬದಿಗೆ, ಪೆನ್ನು ಸಾಗಿದ ದಿಕ್ಕಿಗೇ ಓರೆಯಾಗಿ ಹೋಗುತ್ತವೆ. ಚೂಪಾದ ತಿರುವು ದಾಟಿದ ಮೇಲೆ ಗುಂಡಿನ ಅಂಚಿನಲ್ಲಿ ಕೂಡಿಕೊಂಡಿದ್ದ ಶಾಯಿ ಒಂದು ಪುಟ್ಟ ಮುದ್ದೆಯಾಗಿ ಇಳಿಯುತ್ತದೆ. ಇವೆರಡನ್ನು ಓದಲು ಕಲಿತರೆ ಪೆನ್ನು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂದು ಹೇಳಬಹುದು. ಕನ್ನಡದ ‘ರ’ ಅಕ್ಷರವನ್ನೇ ನೋಡಿ. ಒಬ್ಬರು ಕೆಳಗಿನ ಸುತ್ತನ್ನು ಎಡದಿಂದ ಆರಂಭಿಸಿ ಮೇಲೆ ಹೋಗಿ ತಲಕಟ್ಟು ಹಾಕುತ್ತಾರೆ, ಇನ್ನೊಬ್ಬರು ಸುತ್ತು ಮುಗಿಸಿ ಪೆನ್ನು ಎತ್ತಿ ತಲಕಟ್ಟನ್ನು ಬೇರೆಯಾಗಿಯೇ ಎಳೆಯುತ್ತಾರೆ. ಬರೆದು ಮುಗಿದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ನಕಲು ಮಾಡುವವನ ಮುಂದಿರುವುದು ಮುಗಿದ ಆಕಾರ. ಅದನ್ನು ಹುಟ್ಟಿಸಿದ ಚಲನೆ ಅವನ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಅವನು ಆಕಾರವನ್ನು ತನ್ನದೇ ದಾರಿಯಲ್ಲಿ ಎಳೆಯುತ್ತಾನೆ, ಮತ್ತು ಅಲ್ಲೇ ಸಿಕ್ಕಿಬೀಳುತ್ತಾನೆ.

ವೇಗವೂ ಹಾಗೆಯೇ. ಸಹಜವಾಗಿ ಸಹಿ ಮಾಡುವವರ ಪೆನ್ನು ಕಾಗದ ಮುಟ್ಟುವ ಮೊದಲೇ ಚಲಿಸುತ್ತಿರುತ್ತದೆ, ಬಿಟ್ಟ ಮೇಲೂ ಚಲಿಸುತ್ತಲೇ ಇರುತ್ತದೆ. ಹಾಗಾಗಿ ಗೆರೆಯ ತುದಿಗಳು ಹುಲ್ಲಿನ ಎಸಳಿನಂತೆ ಮೊನಚಾಗಿರುತ್ತವೆ. ಕೆಳಗೆ ಎಳೆಯುವಾಗ ಒತ್ತಡ ಹೆಚ್ಚು, ಮೇಲಕ್ಕೆ ಹೋಗುವಾಗ ಕಡಿಮೆ. ನೋಡಿಕೊಂಡು ನಕಲು ಮಾಡುವವನು ನಿಧಾನಿಸಲೇಬೇಕು. ಅವನ ಗೆರೆಯ ಆದಿ ಅಂತ್ಯಗಳು ಮೊಂಡಾಗುತ್ತವೆ, ಒತ್ತಡ ಉದ್ದಕ್ಕೂ ಒಂದೇ ಸಮನಾಗಿರುತ್ತದೆ, ಮೂಲವನ್ನು ನೋಡಲು ಕಣ್ಣೆತ್ತಿದ ಜಾಗದಲ್ಲಿ ಪೆನ್ನು ಒಂದು ಕ್ಷಣ ನಿಂತು ಚುಕ್ಕೆ ಬಿಡುತ್ತದೆ. ಸಾಲದ್ದಕ್ಕೆ, ತಪ್ಪಿದೆಯೆಂದು ತೋರಿದ ಕಡೆ ಮತ್ತೊಂದು ಸಲ ತಿದ್ದುತ್ತಾನೆ. ಅಸಲಿ ಸಹಿ ಮಾಡುವವರು ತಮ್ಮ ಸಹಿ ಚೆನ್ನಾಗಿ ಬಂತೇ ಎಂದು ತಿರುಗಿ ನೋಡುವುದೇ ಅಪರೂಪ.

ಮೂಲದ ಮೇಲಿಟ್ಟು ಎಳೆದ ಸಹಿಯಾದರೆ ಗುರುತುಗಳು ಇನ್ನೂ ಸ್ಪಷ್ಟ. ಕೆಲವರು ಮೊದಲು ಪೆನ್ಸಿಲ್ಲಿನಿಂದಲೋ ಕಾರ್ಬನ್ ಹಾಳೆಯಿಂದಲೋ ಗುರುತು ಮಾಡಿ, ಆಮೇಲೆ ಶಾಯಿಯಿಂದ ತಿದ್ದಿ, ಉಳಿದದ್ದನ್ನು ಅಳಿಸುತ್ತಾರೆ. ಬರಿಗಣ್ಣಿಗೆ ಕಾಣದೆ ವಿಶೇಷ ಕ್ಯಾಮೆರಾಕ್ಕಷ್ಟೇ ಕಾಣುವ ಅವಕೆಂಪು ಬೆಳಕಿನಲ್ಲಿ ಬಾಲ್ ಪೆನ್ನಿನ ಎಷ್ಟೋ ಶಾಯಿಗಳು ಪಾರದರ್ಶಕವಾಗಿ ಮಾಯವಾಗುತ್ತವೆ. ಪೆನ್ಸಿಲ್ಲಿನ ಗ್ರಾಫೈಟು ಮತ್ತು ಕಾರ್ಬನ್ನು ಕಪ್ಪಾಗಿಯೇ ಉಳಿಯುತ್ತವೆ. ಶಾಯಿಯ ಸಹಿ ಪರದೆಯ ಮೇಲಿಂದ ಕರಗಿಹೋಗಿ, ಅದರ ಕೆಳಗೆ ಅಡಗಿದ್ದ ಪೆನ್ಸಿಲ್ಲಿನ ನಡುಗುವ ಗೆರೆ ಮೇಲೆದ್ದು ಬರುವುದನ್ನು ಮೊದಲ ಸಲ ಕಂಡ ದಿನ ನನಗೆ ಮೈ ಜುಮ್ಮೆಂದಿತ್ತು. ಇಷ್ಟು ವರ್ಷಗಳಾದ ಮೇಲೂ ಆ ನೋಟಕ್ಕೆ ನಾನು ಒಗ್ಗಿಹೋಗಿಲ್ಲ. ಒಣ ಪೆನ್ನಿನಿಂದ ಒತ್ತಿ ಗುರುತು ಮಾಡಿದ್ದರೆ, ಕಾಗದಕ್ಕೆ ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟಾಗ ಆ ತಗ್ಗು ನೆರಳಾಗಿ ಕಾಣುತ್ತದೆ.

ಈಗ ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಅವರು ಕೊನೆಯ ವರ್ಷ ಹಾಸಿಗೆ ಹಿಡಿದಿದ್ದರು ಎಂದಿದ್ದೀರಿ. ಮುಪ್ಪು, ಕಾಯಿಲೆ, ಔಷಧ ಇವೆಲ್ಲ ಕೈಯನ್ನು ನಡುಗಿಸುತ್ತವೆ. ನಕಲು ಮಾಡುವವನ ಕೈಯೂ ನಡುಗುತ್ತದೆ. ಎರಡನ್ನೂ ಗೊಂದಲ ಮಾಡಿಕೊಳ್ಳುವುದು ಹೊಸ ಪರೀಕ್ಷಕರು ಮಾಡುವ ದೊಡ್ಡ ತಪ್ಪು. ವಯಸ್ಸಾದವರ ನಡುಕಕ್ಕೆ ನಿಯಮವಿಲ್ಲ. ಒಂದು ಕಡೆ ಗೆರೆ ಅಲುಗಿ, ಮುಂದಿನ ಎಳೆತದಲ್ಲಿ ಹಳೆಯ ಅಭ್ಯಾಸ ಮರಳಿ ಬಂದು ನಿರಾಳವಾಗಿ ಸಾಗಿಬಿಡುತ್ತದೆ. ಅಕ್ಷರಗಳು ಸಾಲಿನಿಂದ ಜಾರುತ್ತವೆ, ಅವರು ತಿದ್ದಲು ಹೋಗುವುದಿಲ್ಲ. ನಕಲಿಯ ನಡುಕದಲ್ಲಿ ಎಚ್ಚರಿಕೆಯಿದೆ. ಗೆರೆ ಅಲುಗುತ್ತಿರುತ್ತದೆ, ಆದರೂ ಅಕ್ಷರ ಎಲ್ಲಿ ಮುಟ್ಟಬೇಕೋ ಅಲ್ಲೇ ಕರಾರುವಾಕ್ಕಾಗಿ ಬಂದು ಮುಟ್ಟುತ್ತದೆ. ಇನ್ನೊಂದು ಮಾತು: ಹನ್ನೊಂದು ವರ್ಷದ ಹಿಂದೆ ಗಟ್ಟಿಮುಟ್ಟಾಗಿದ್ದಾಗ ಮಾಡಿದ ಸಹಿ, ಹಾಸಿಗೆಯಲ್ಲಿ ಮಲಗಿದ್ದವರ ಕೈಯಿಂದ ಒಂದಿಷ್ಟೂ ಬದಲಾಗದೆ ಬಂದಿದ್ದರೆ, ಅದಕ್ಕೆ ವಿವರಣೆ ಬೇಕು.

ಸಹಿಗಿಂತ ಉದ್ದದ ಬರಹವಿದ್ದರೆ ಪರೀಕ್ಷಕರಿಗೆ ಅನುಕೂಲ. ಒತ್ತಕ್ಷರ ಮೂಲಾಕ್ಷರದಿಂದ ಎಷ್ಟು ದೂರ ನಿಲ್ಲುತ್ತದೆ, ಕೊಂಬು ಮತ್ತು ದೀರ್ಘವನ್ನು ಒಂದೇ ಎಳೆತದಲ್ಲಿ ಮುಗಿಸುತ್ತಾರೋ ಬೇರೆಬೇರೆಯಾಗಿಯೋ, ಸಾಲು ಬಲಕ್ಕೆ ಹೋಗುತ್ತ ಏರುತ್ತದೋ ಇಳಿಯುತ್ತದೋ, ಪದಗಳ ನಡುವೆ ಎಷ್ಟು ಜಾಗ, ಅಂಚು ಎಷ್ಟು, ಅಂಕಿಗಳ ಆಕಾರ ಹೇಗೆ. ಇವುಗಳಲ್ಲಿ ಒಂದೇ ಶಾಲೆಯಲ್ಲಿ ಕಲಿತ ನೂರಾರು ಜನರಿಗೆ ಸಮಾನವಾದವೂ ಇವೆ, ಒಬ್ಬರಿಗಷ್ಟೇ ಅಂಟಿಕೊಂಡವೂ ಇವೆ. ತೂಕವಿರುವುದು ಎರಡನೆಯದಕ್ಕೆ. ಹೋಲಿಕೆಗಳ ಎಣಿಕೆ ಎಷ್ಟೇ ಉದ್ದವಾದರೂ, ವಿವರಿಸಲಾಗದ ಒಂದೇ ಒಂದು ಮೂಲಭೂತ ವ್ಯತ್ಯಾಸ ಅದನ್ನೆಲ್ಲ ಕೆಡವಬಲ್ಲದು.

ಇದನ್ನು ಮರೆತದ್ದರ ಬೆಲೆ ಏನೆಂದು ಫ್ರಾನ್ಸಿನ ಸೇನಾಧಿಕಾರಿ ಆಲ್‌ಫ್ರೆಡ್ ಡ್ರೈಫಸ್ ಅವರ ಜೀವನವೇ ಹೇಳುತ್ತದೆ. 1894ರಲ್ಲಿ ಸಿಕ್ಕಿದ ಬೇಹುಗಾರಿಕೆಯ ಪತ್ರವೊಂದರ ಬರಹ ಅವರದ್ದನ್ನು ಹೋಲುತ್ತಿತ್ತು. ವ್ಯತ್ಯಾಸಗಳೂ ಇದ್ದವು. ಪ್ಯಾರಿಸ್ ಪೊಲೀಸರ ಗುರುತು ವಿಭಾಗದ ಮುಖ್ಯಸ್ಥ ಆಲ್‌ಫೋನ್ಸ್ ಬರ್ಟಿಲನ್ ದೇಹದ ಅಳತೆಗಳಿಂದ ಜನರನ್ನು ಗುರುತಿಸುವುದರಲ್ಲಿ ನಿಪುಣರಾಗಿದ್ದರೇ ಹೊರತು ಕೈಬರಹದಲ್ಲಿ ಅಲ್ಲ. ಡ್ರೈಫಸ್ ತಮ್ಮ ಬರಹವನ್ನು ತಾವೇ ನಕಲಿಯಂತೆ ಕಾಣಿಸಲು ಹೀಗೆ ಬರೆದಿದ್ದಾರೆ ಎಂದು ಅವರು ವಾದಿಸಿದರು. ಹೋಲಿಕೆಯೂ ಸಾಕ್ಷಿ, ವ್ಯತ್ಯಾಸವೂ ಸಾಕ್ಷಿ ಎಂದಾದರೆ ಆರೋಪಿ ತಪ್ಪಿಸಿಕೊಳ್ಳುವುದಾದರೂ ಹೇಗೆ? ಪತ್ರ ಬರೆದವನು ಎಸ್ಟರ್‌ಹಾಜಿ ಎಂಬ ಬೇರೆ ಅಧಿಕಾರಿ. ಡ್ರೈಫಸ್ ನಿರ್ದೋಷಿಯೆಂದು ಘೋಷಣೆಯಾಗುವಾಗ 1906 ಬಂದಿತ್ತು.

ಹೋಲಿಸಲು ಕೊಡುವ ಮಾದರಿಗಳ ಬಗ್ಗೆ ನಾನು ಪದೇ ಪದೇ ಹೇಳುತ್ತಿರುತ್ತೇನೆ, ಏಕೆಂದರೆ ಇಡೀ ಪರೀಕ್ಷೆ ನಿಲ್ಲುವುದು ಅವುಗಳ ಮೇಲೆ. 1983ರಲ್ಲಿ ಜರ್ಮನಿಯ ‘ಸ್ಟರ್ನ್’ ಪತ್ರಿಕೆ ಹಿಟ್ಲರನ ದಿನಚರಿಗಳೆಂದು ಪ್ರಕಟಿಸಿದ್ದನ್ನು ಕೊನ್ರಾಡ್ ಕುಯಾವ್ ಎಂಬಾತ ಬರೆದಿದ್ದ. ಪ್ರಕಟಣೆಗೆ ಮೊದಲು ಅನುಭವಿ ಕೈಬರಹ ತಜ್ಞರೇ ಅದನ್ನು ನೋಡಿ ಹಿಟ್ಲರನದೇ ಎಂದಿದ್ದರು. ಎಡವಟ್ಟಾದದ್ದು ಹೀಗೆ: ಹೋಲಿಕೆಗೆಂದು ಅವರಿಗೆ ಕೊಟ್ಟ ‘ಅಸಲಿ’ ಮಾದರಿಗಳಲ್ಲಿಯೂ ಕುಯಾವ್‌ನ ಕೈಚಳಕ ಸೇರಿತ್ತು. ಒಬ್ಬನ ಬರಹವನ್ನು ಅವನದೇ ಬರಹದೊಂದಿಗೆ ಹೋಲಿಸಿದರೆ ಕೂಡದೆ ಇನ್ನೇನಾದೀತು! ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಕಾಗದ. ಅದರಲ್ಲಿ ಅತಿನೇರಳೆ ಬೆಳಕಿಗೆ ಹೊಳೆಯುವ, ಎರಡನೆಯ ಮಹಾಯುದ್ಧದ ನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕವಿತ್ತು.

ಅಂದರೆ ಸಹಿಯೊಂದನ್ನೇ ನೋಡಿ ಕೈತೊಳೆದುಕೊಳ್ಳುವಂತಿಲ್ಲ, ಇಡೀ ಹಾಳೆಯೇ ಸಾಕ್ಷಿ. ಕಣ್ಣಿಗೆ ಒಂದೇ ನೀಲಿಯಾಗಿ ಕಾಣುವ ಎರಡು ಶಾಯಿಗಳು ಅವಕೆಂಪು ಬೆಳಕಿನಲ್ಲಿ ಬೇರೆಬೇರೆಯಾಗಿ ವರ್ತಿಸಬಹುದು. ಒಂದು ಮಾಯವಾದರೆ ಇನ್ನೊಂದು ಹಾಗೆಯೇ ನಿಲ್ಲುತ್ತದೆ. ಮೊತ್ತದ ಕೊನೆಗೆ ಆಮೇಲೆ ಸೇರಿಸಿದ ಸೊನ್ನೆ, 1ನ್ನು ತಿದ್ದಿ ಮಾಡಿದ 4 ಹೀಗೆ ಹೊರಬೀಳುತ್ತವೆ. ನಿಮ್ಮ ಪತ್ರದಲ್ಲಿ ಮೊತ್ತ, ದಿನಾಂಕ, ಸಹಿ ಮೂರೂ ಒಂದೇ ಶಾಯಿಯವೇ ಎಂದು ನೋಡಿಸುವುದು ಅಗತ್ಯ. ಪತ್ರ ಲೇಸರ್ ಮುದ್ರಕದಲ್ಲಿ ಅಚ್ಚಾಗಿದ್ದರೆ ಇನ್ನೊಂದು ಪ್ರಶ್ನೆಯಿದೆ. ಮುದ್ರಿತ ಅಕ್ಷರ ಮತ್ತು ಸಹಿಯ ಗೆರೆ ಒಂದನ್ನೊಂದು ದಾಟುವ ಜಾಗದಲ್ಲಿ ಟೋನರಿನ, ಅಂದರೆ ಮುದ್ರಕದ ಶಾಯಿಪುಡಿಯ, ಕಣಗಳು ಶಾಯಿಯ ಮೇಲೆ ಕುಳಿತಿವೆಯೇ, ಕೆಳಗಿವೆಯೇ? ಮೇಲೆ ಕುಳಿತಿದ್ದರೆ ಸಹಿ ಮೊದಲು, ಒಕ್ಕಣೆ ಆಮೇಲೆ. ಖಾಲಿ ಹಾಳೆಗೆ ಪಡೆದ ಅಸಲಿ ಸಹಿಯ ದುರುಪಯೋಗ ಪತ್ತೆಯಾಗುವುದು ಹೀಗೆ. ಬಾಲ್ ಪೆನ್ನಿನ ಎರಡು ಗೆರೆಗಳು ದಾಟಿದಾಗ ಯಾವುದು ಮೊದಲೆಂದು ಹೇಳುವುದು ಮಾತ್ರ ಬಹಳ ಸಲ ಆಗುವುದಿಲ್ಲ. ಹೇಳಬಲ್ಲೆನೆಂದು ಎದೆ ತಟ್ಟಿಕೊಳ್ಳುವವರನ್ನು ಸುಲಭವಾಗಿ ನಂಬಬೇಡಿ.

ಪುಸ್ತಕದ ಒಂದು ಪುಟದಲ್ಲಿ ಬರೆದರೆ ಅದರ ಒತ್ತು ಕೆಳಗಿನ ಪುಟಗಳ ಮೇಲೆ ಬೀಳುತ್ತದೆ. ಕಣ್ಣಿಗೂ ಬೆರಳಿಗೂ ಸಿಗದ ಈ ಒತ್ತನ್ನು ಎಸ್ಡಾ ಎಂಬ ಉಪಕರಣ ಓದುತ್ತದೆ. ಹಾಳೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆ ಹೊದಿಸಿ, ಅದಕ್ಕೆ ಸ್ಥಿರವಿದ್ಯುತ್ತು ಕೊಟ್ಟು, ಟೋನರ್ ಪುಡಿ ಹರಡಿದರೆ ಒತ್ತು ಬಿದ್ದ ಜಾಗದಲ್ಲಿ ಪುಡಿ ನಿಂತು ಅಕ್ಷರಗಳು ಮೂಡುತ್ತವೆ. ಹಾಳೆಗೆ ಏನೂ ಆಗುವುದಿಲ್ಲ. ಬಾಂಬ್ ಸ್ಫೋಟದ ಆರೋಪದ ಮೇಲೆ ಆರು ಜನರಿಗೆ ಶಿಕ್ಷೆಯಾಗಿದ್ದ ಬ್ರಿಟನ್ನಿನ ‘ಬರ್ಮಿಂಗ್‌ಹ್ಯಾಮ್ ಸಿಕ್ಸ್’ ಪ್ರಕರಣದಲ್ಲಿ, ವಿಚಾರಣೆಯ ಹೊತ್ತಿನಲ್ಲೇ ಬರೆದದ್ದೆಂದು ಪೊಲೀಸರು ಹೇಳಿದ್ದ ಟಿಪ್ಪಣಿಗಳು ಹಾಗೆ ಬರೆದವಲ್ಲ ಎಂದು ತೋರಿಸಲು ಈ ಪರೀಕ್ಷೆ ನೆರವಾಯಿತು. ಆರು ಜನರ ಶಿಕ್ಷೆ 1991ರಲ್ಲಿ ರದ್ದಾಯಿತು. ಆಗ ಅವರು ಹದಿನಾರು ವರ್ಷ ಸೆರೆಮನೆಯಲ್ಲಿ ಕಳೆದಾಗಿತ್ತು.

ಅಚ್ಚಿನ ಅಕ್ಷರವೂ ಮಾತಾಡುತ್ತದೆ. ಪ್ರಭಾವಿಗಳು ವಿದೇಶಗಳಲ್ಲಿಟ್ಟ ಆಸ್ತಿಯನ್ನು ಬಯಲು ಮಾಡಿದ ಪನಾಮಾ ದಾಖಲೆಗಳ ತನಿಖೆ ಪಾಕಿಸ್ತಾನದಲ್ಲಿ ನಡೆದಾಗ, 2006ರ ದಿನಾಂಕವಿದ್ದ ಪತ್ರವೊಂದು ಕಂಪ್ಯೂಟರಿನ ಕ್ಯಾಲಿಬ್ರಿ ಎಂಬ ಅಕ್ಷರವಿನ್ಯಾಸದಲ್ಲಿತ್ತು. ಆ ವಿನ್ಯಾಸ ಜನಸಾಮಾನ್ಯರ ಬಳಕೆಗೆ ಬಂದದ್ದು 2007ರಲ್ಲಿ. 2017ರಲ್ಲಿ ಅದು ದೊಡ್ಡ ಪ್ರಶ್ನೆಯಾಯಿತು.

ಇನ್ನು ಜೆರಾಕ್ಸ್. ಒತ್ತಡ, ಶಾಯಿಯ ಗೀರು, ಪೆನ್ನು ನಿಂತ ಚುಕ್ಕೆ, ಅಳಿಸಿದ ಗುರುತು, ಹಾಳೆಯ ತಗ್ಗು ಎಂದು ನಾನು ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು ಪ್ರತಿಯಲ್ಲಿ ಉಳಿಯುವುದಿಲ್ಲ. ಬೇರೆ ಕಾಗದದ ಅಸಲಿ ಸಹಿಯನ್ನು ತಂದು ಅಂಟಿಸಿ ಪ್ರತಿ ತೆಗೆದಿದ್ದರೂ ಅಂಟು ಕಾಣಿಸದಿರಬಹುದು. ಗಮನಿಸಿ, ಆಗ ಸಹಿ ನಿಜಕ್ಕೂ ನಿಮ್ಮ ತಂದೆಯವರದೇ ಆಗಿದ್ದು, ಪತ್ರ ಮಾತ್ರ ಸುಳ್ಳಾಗಿರುತ್ತದೆ. ನಿಮ್ಮ ಪ್ರಕರಣದಲ್ಲಿ ಈ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ಆದ್ದರಿಂದ ಮೂಲ ಪತ್ರವನ್ನು ಹಾಜರುಪಡಿಸುವಂತೆ ವಕೀಲರ ಮೂಲಕ ಕೇಳಿ. ಮೂಲವೇ ಇಲ್ಲ, ಕಳೆದುಹೋಗಿದೆ ಎಂಬ ಉತ್ತರ ಬಂದರೆ ಅದನ್ನೂ ಲಿಖಿತವಾಗಿ ಪಡೆಯಿರಿ.

ವಿಜ್ಞಾನವೋ ಊಹೆಯೋ ಎಂದು ಕೇಳಿದ್ದೀರಿ. ಶಾಯಿ, ಕಾಗದ, ಒತ್ತುಗಳ ಪರೀಕ್ಷೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಗಟ್ಟಿ ನೆಲೆಯಿದೆ. ಕೈಬರಹದ ಹೋಲಿಕೆಯಲ್ಲಿ ಕೊನೆಯ ಮಾತು ಮನುಷ್ಯನ ಕಣ್ಣು ಮತ್ತು ವಿವೇಚನೆಯದು, ಹಾಗಾಗಿ ತಪ್ಪಿಗೂ ಅವಕಾಶವಿದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 86 ಪರೀಕ್ಷಕರಿಗೆ ಉತ್ತರ ಗೊತ್ತಿದ್ದ ಬರಹಗಳನ್ನು ಕೊಟ್ಟು ನೋಡಲಾಯಿತು. ಬೇರೆಯವರ ಬರಹವನ್ನು ‘ಇವರದೇ’ ಎಂದು ತಪ್ಪಾಗಿ ಹೇಳಿದ ಪ್ರಮಾಣ ಶೇ. 3.1, ಇವರದೇ ಬರಹವನ್ನು ‘ಅಲ್ಲ’ ಎಂದದ್ದು ಶೇ. 1.1. ಅವಳಿಗಳ ಬರಹ ಬಂದಾಗ ಮೊದಲ ಬಗೆಯ ತಪ್ಪು ಶೇ. 8.7ಕ್ಕೆ ಏರಿತು. ಈ ಅಂಕಿಗಳನ್ನು ಮುಚ್ಚಿಡುವುದರಿಂದ ನಮ್ಮ ವೃತ್ತಿಗೆ ಗೌರವ ಬರುವುದಿಲ್ಲ. ಪ್ರಾಮಾಣಿಕ ವರದಿಯಲ್ಲಿ ‘ಹೌದು’, ‘ಅಲ್ಲ’ಗಳ ನಡುವೆ ‘ಬಹುಶಃ’, ‘ಅಭಿಪ್ರಾಯ ಕೊಡಲು ಸಾಧ್ಯವಿಲ್ಲ’ ಎಂಬ ಮೆಟ್ಟಿಲುಗಳೂ ಇರುತ್ತವೆ. ಅಂಥ ವರದಿ ಬಂದರೆ ತಜ್ಞರು ಜಾರಿಕೊಂಡರೆಂದು ಬೇಸರಪಡಬೇಡಿ. ಅಕ್ಷರ ನೋಡಿ ಸ್ವಭಾವ ಹೇಳುವವರ ಬಳಿ ಮಾತ್ರ ದಯವಿಟ್ಟು ಹೋಗಬೇಡಿ. ಆ ವಿದ್ಯೆಗೂ ಈ ಕೆಲಸಕ್ಕೂ ಸಂಬಂಧವಿಲ್ಲ.

ಮೂಲ ಪತ್ರ ಕೈಗೆ ಬಂದರೆ ಅದನ್ನು ಮಡಚಬೇಡಿ, ಪಿನ್ ಹೊಡೆಯಬೇಡಿ, ಅಂಡರ್‌ಲೈನ್ ಮಾಡಬೇಡಿ, ಅದರ ಮೇಲೆ ಬೇರೆ ಹಾಳೆಯಿಟ್ಟು ಬರೆಯಲೇಬೇಡಿ. ನಿಮ್ಮ ಕೈಯ ಒತ್ತು ಅದರ ಮೇಲೆ ಬೀಳುತ್ತದೆ. ದೊಡ್ಡ ಲಕೋಟೆಯಲ್ಲಿ ಚಪ್ಪಟೆಯಾಗಿಡಿ. ಹೋಲಿಕೆಗೆ ಗುರುತಿನ ಚೀಟಿಯ ಒಂದು ಸಹಿ ಸಾಲದು. ಹದಿನೈದು ಇಪ್ಪತ್ತಾದರೂ ಬೇಕು, ವಿವಾದ ಹುಟ್ಟುವ ಮೊದಲೇ ಮಾಡಿದವಾಗಿರಬೇಕು, ಅಪ್ಪನೇ ಮಾಡಿದ್ದೆಂದು ಯಾರಾದರೂ ಸಾಕ್ಷಿ ಹೇಳುವಂತಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಪತ್ರದ ದಿನಾಂಕದ ಆಸುಪಾಸಿನವು ಬೇಕು. ಆಸ್ಪತ್ರೆಯ ಒಪ್ಪಿಗೆ ಪತ್ರಗಳು, ಬ್ಯಾಂಕಿನ ಚೀಟಿಗಳು, ಮನೆಗೆ ಬಂದ ಅಂಚೆಗೆ ಹಾಕಿದ ರುಜು. ಸಹಿ ಸರಿಯಾಗಿ ಬಂದಿಲ್ಲವೆಂದು ಮನೆಯವರು ಪಕ್ಕಕ್ಕಿಟ್ಟ, ಅರ್ಧಕ್ಕೇ ನಿಂತ, ಸಾಲಿನಿಂದ ಜಾರಿದ ಕಾಗದಗಳಿದ್ದರೆ ಅವನ್ನೂ ಹುಡುಕಿ. ಅಮ್ಮನನ್ನೇ ಕೇಳಿ, ಕೊನೆಯ ತಿಂಗಳುಗಳಲ್ಲಿ ಅಪ್ಪ ಪೆನ್ನು ಹಿಡಿದದ್ದು ಯಾವಾಗ, ಎಲ್ಲೆಲ್ಲಿ ಎಂದು. ಅವರಿಗೆ ನೆನಪಿರುತ್ತದೆ.